ಅರ್ಧ ಮೀಟರಿನ ಚೀಲ

ಮಳವಳ್ಳಿಯ ಹಳೆಯ ಮನೆಯೊಂದರ ನಡುಮನೆಯಲ್ಲಿ, ಗೋಡೆಯ ಗೂಟಕ್ಕೆ, ಚೌಕಳಿ ಬಟ್ಟೆಯ ಕೈಚೀಲವೊಂದು ತೂಗುತ್ತಿದೆ. ಮೂಲದಲ್ಲಿ ನೀಲಿಯೋ ಬೂದಿಯೋ, ಈಗ ಹೇಳುವುದು ಕಷ್ಟ. ಅದರ ಮೇಲೆ ಒಂದು ಕಾಲಕ್ಕೆ ಮಂಡ್ಯದ ಪೇಟೆಬೀದಿಯಲ್ಲಿ ಹೆಸರಾಗಿದ್ದ ದೊಡ್ಡ ಜವಳಿ ಮಳಿಗೆಯ ಮುದ್ರೆ. ಅದರಡಿಯಲ್ಲಿ ‘ಏಕದರ, ಸರಿಯಾದ ಅಳತೆ’ ಎಂಬ ಘೋಷಣೆ. ಮಳಿಗೆ ಮುಚ್ಚಿ ಎಷ್ಟೋ ವರ್ಷಗಳು ಸಂದಿವೆ. ಆದರೆ ತೊಂಬತ್ತನ್ನು ಸಮೀಪಿಸುತ್ತಿರುವ ಮನೆಯ ಹಿರಿಯಾಕೆ ಅದರ ಮೇಲಣ ತಮ್ಮ ತಕರಾರನ್ನು ಇನ್ನೂ ಹಿಂದಕ್ಕೆ ಪಡೆದಿಲ್ಲ.

ಸಂಗತಿ 1962ನೆಯ ಇಸವಿಯದು. ಗಜ, ಸೇರು, ಮಣಗಳನ್ನು ಬಿಟ್ಟು ದೇಶವೆಲ್ಲ ಮೀಟರು, ಕಿಲೋಗ್ರಾಮುಗಳಿಗೆ ಒಗ್ಗಬೇಕೆಂದು 1956ರಲ್ಲಿಯೇ ಶಾಸನವಾಗಿತ್ತು. ಅದು ಹಂತಹಂತವಾಗಿ ಜಾರಿಗೆ ಬಂದು, 1962ರ ಏಪ್ರಿಲ್ ವೇಳೆಗೆ ಹಳೆಯ ಅಳತೆಗಳಿಗೆ ವ್ಯಾಪಾರದಲ್ಲಿ ಎಡೆಯಿಲ್ಲದಂತಾಯಿತು. ಯುಗಾದಿಯೂ ಆ ತಿಂಗಳ ಮೊದಲ ವಾರದಲ್ಲೇ ಬಂದಿತ್ತು. ಕಾರ್ಖಾನೆಗೆ ಹಾಕಿದ ಕಬ್ಬಿನ ಹಣ ಆಗತಾನೆ ಕೈಸೇರಿತ್ತು. ಮೂವರು ಗಂಡುಮಕ್ಕಳಿಗೂ ಒಂದೇ ಬಗೆಯ ಅಂಗಿ ಹೊಲಿಸಬೇಕೆಂಬ ಆಸೆಯಿಂದ ಆಕೆ ಮಂಡ್ಯಕ್ಕೆ ಹೋಗಿ, ಆರು ಮೀಟರಿಗೆ ಹಣ ತೆತ್ತು ಬಟ್ಟೆ ತಂದರು.

ಊರಿನ ದರ್ಜಿ ಅಳೆದು ನೋಡಿದರೆ ಐದೂವರೆ ಮೀಟರಿಗೂ ಕೊಂಚ ಕಡಿಮೆ! ಅಂಗಡಿಯವರು ಬೆಲೆ ಕಟ್ಟಿದ್ದು ಮೀಟರಿನ ಲೆಕ್ಕದಲ್ಲಿ, ಅಳೆದದ್ದು ಹಳೆಯ ಗಜಕಡ್ಡಿಯಲ್ಲಿ. ಗಜವೆಂದರೆ 91.44 ಸೆಂಟಿಮೀಟರು; ಮೀಟರೊಂದಕ್ಕೆ ನಾಲ್ಕು ಬೆರಳಿಗೂ ಮಿಕ್ಕಿದ ಖೋತಾ. ಆರು ಸಲ ಸೇರಿದರೆ ಅರ್ಧ ಮೀಟರು. ಆ ನಷ್ಟವೆಲ್ಲ ಕಿರಿಯ ಮಗನ ಪಾಲಿಗೆ ಬಂತು. ಅಣ್ಣಂದಿರು ತುಂಬುತೋಳಿನ ಅಂಗಿ ತೊಟ್ಟು ನೆರೆಮನೆಗಳಿಗೆ ಬೇವುಬೆಲ್ಲ ಕೊಡಲು ಹೊರಟರೆ, ಅವನು ತೋಳೇ ಇಲ್ಲದ ಅಂಗಿಯಲ್ಲಿ ಹಿತ್ತಿಲ ಬಾಗಿಲ ಹಿಂದೆ ಕುಳಿತು ಅತ್ತ. ತಾಯಿಗೆ ಅರ್ಧ ಮೀಟರು ಮರೆತರೂ ಮರೆತೀತು, ಆ ಅಳು ಮರೆಯಲಿಲ್ಲ.

ಹಬ್ಬ ಕಳೆದದ್ದೇ ತಡ, ಆಕೆ ಮತ್ತೆ ಬಸ್ಸೇರಿದರು. ಮಾಲೀಕರು ನಯಗಾರರು. “ತಾಯಿ, ಕಾನೂನು ಹೊಸದು, ನಮ್ಮ ಹುಡುಗರ ಕೈ ಹಳೆಯದು. ಆ ಥಾನು ಮುಗಿದೇ ಹೋಯಿತಲ್ಲ!” ಎಂದರು. ಹಣ ಹಿಂದಿರುಗಿಸುವ ಮಾತೇ ಬರಲಿಲ್ಲ. ಬದಲಿಗೆ ಕಾಣಿಕೆಯಾಗಿ ಒಂದು ಚೀಲ ಬಂತು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಹರವಿಕೊಂಡಾಗಲೇ ಆಕೆಗೆ ಹೊಳೆದದ್ದು: ಚೀಲ ಹೊಲಿದಿದ್ದುದು ಅದೇ ಚೌಕಳಿ ಬಟ್ಟೆಯಲ್ಲಿ! ಮೊಳಹಾಕಿ ನೋಡಿದರೆ, ಹೆಚ್ಚುಕಡಿಮೆ ಅರ್ಧ ಮೀಟರು.

ಬಸ್ಸು ಮದ್ದೂರಿನಲ್ಲಿ ನಿಂತಾಗ, ಮನೆಯಲ್ಲಿ ಮುನಿದು ಕುಳಿತಿದ್ದ ಕಿರಿಯನಿಗೆಂದು ಆಕೆ ವಡೆ ಕೊಂಡು ಅದರಲ್ಲೇ ಹಾಕಿಕೊಂಡರು. ಮಳವಳ್ಳಿ ಮುಟ್ಟುವಷ್ಟರಲ್ಲಿ ಎಣ್ಣೆ ಇಳಿದು ‘ಸರಿಯಾದ’ ಎಂಬ ಪದವನ್ನು ಪೂರ್ತಿಯಾಗಿ ನುಂಗಿಬಿಟ್ಟಿತ್ತು. ‘ಅಳತೆ’ ಮಾತ್ರ ಉಳಿಯಿತು. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು ಕೂಡ ಇಷ್ಟು ಚೊಕ್ಕಟವಾದ ತಿದ್ದುಪಡಿ ಮಾಡುತ್ತಿದ್ದರೋ ಇಲ್ಲವೋ! ಚೀಲವನ್ನು ಬಿಚ್ಚಿ ತೋಳು ಹೊಲಿಯೋಣವೆಂದು ದರ್ಜಿ ಸೂಚಿಸಿದ. ಮಗನ ತೋಳಿನ ಮೇಲೆ ಆ ಅಂಗಡಿಯ ಹೆಸರೇ? ತಾಯಿ ಸುತರಾಂ ಒಪ್ಪಲಿಲ್ಲ.

ಗ್ರಾಹಕರ ರಕ್ಷಣೆಗೆ ಪ್ರತ್ಯೇಕ ಶಾಸನ ಬಂದದ್ದು 1986ರಲ್ಲಿ; ಅಷ್ಟು ಹೊತ್ತಿಗೆ ತೋಳಿಲ್ಲದ ಅಂಗಿಯ ಹುಡುಗ ಸಂಸಾರಸ್ಥನಾಗಿದ್ದ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದಾಗ ಗೂಟದ ಚೀಲ ಮತ್ತೆ ಸಂತೆಗೆ ಹೋಗಿಬರತೊಡಗಿತು. 2019ರಲ್ಲಿ, ತನ್ನದೇ ಹೆಸರು ಅಚ್ಚಾದ ಕಾಗದದ ಚೀಲಕ್ಕೆ ಗ್ರಾಹಕನಿಂದ 3 ರೂಪಾಯಿ ಪಡೆದ ಪಾದರಕ್ಷೆಗಳ ದೊಡ್ಡ ಮಳಿಗೆಯೊಂದು ಪರಿಹಾರ ತೆರಬೇಕೆಂದು ಚಂಡೀಗಢದ ಗ್ರಾಹಕರ ವೇದಿಕೆ ತೀರ್ಪಿತ್ತಿತು. ಕಿರಿಯ ಮಗ, ಅಂದರೆ ಈಗಿನ ನಿವೃತ್ತ ಗುಮಾಸ್ತ, ಆ ಸುದ್ದಿಯನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದ.

ಮುದುಕಿ ಗೂಟದ ಕಡೆಗೊಮ್ಮೆ ನೋಡಿದರು. “ಮೂರು ರೂಪಾಯಿಗೇ ಹಾಗಾದರೆ, ಅರ್ಧ ಮೀಟರಿಗೆ ಎಷ್ಟಾಯಿತು ಲೆಕ್ಕ ಹಾಕಪ್ಪ,” ಎಂದರು. “ಬಡ್ಡಿ ಸೇರಿಸಿ ಹೇಳು.”