ರಾಗಿಗೆ ಬೆಲೆ ಬಂತು, ಬೆಳೆಗಾರನಿಗೆ?

ಹಬ್ಬಕ್ಕೆಂದು ಊರಿಗೆ ಹೋದಾಗ ಅಪ್ಪ, ‘ಮುಂದಿನ ವರ್ಷ ಆ ಎರಡು ಎಕರೆಗೂ ಅಡಿಕೆ ಹಾಕಿಬಿಡೋಣ’ ಎಂದರು. ತಾತನ ಕಾಲದಿಂದ ರಾಗಿ ಬೆಳೆದ ಹೊಲವದು. ವಾಪಸ್ ಬಂದರೆ ಕಾಲೇಜಿನಲ್ಲಿ ಸಿರಿಧಾನ್ಯ ಮೇಳ, ರಾಗಿ ಕೇಕಿನ ಮುಂದೆ ಸಾಲು!

ರಾಗಿ ನಮ್ಮದೇ ಎಂದುಕೊಂಡಿದ್ದೇವೆ, ಆದರೆ ಅದರ ತವರು ಪೂರ್ವ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ಒಣಭೂಮಿಗೆ ಒಗ್ಗಿಕೊಂಡಿತು. ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯನ್ನು ರಾಗಿ ಗೆಲ್ಲುವುದೂ ಈ ಬಾಳಿಕೆಯ ಗುಣದಿಂದಲೇ. ಮಂಡ್ಯದಲ್ಲಿ ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಹೆಸರಿನಲ್ಲೇ ಎರಡೂ ನೆಲಗಳಿವೆ.

ಆರೋಗ್ಯದ ಮಾತು ಪೊಳ್ಳಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 340–360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ನಾರಿನಂಶವೂ ಹೆಚ್ಚು. ಮೊಳಕೆ ಕಟ್ಟಿದರೆ ಅದರ ಖನಿಜಾಂಶ ದೇಹಕ್ಕೆ ಇನ್ನೂ ಚೆನ್ನಾಗಿ ಸಿಗುತ್ತದೆ. ಹಾಗೆಂದು ಮಧುಮೇಹಿಗಳು ಎಷ್ಟು ಬೇಕಾದರೂ ಮುದ್ದೆ ತಿನ್ನಬಹುದು ಎಂದಲ್ಲ, ಅದರಲ್ಲೂ ಪಿಷ್ಟವೇ ಜಾಸ್ತಿ. ಇನ್ನು, ಹಾಸ್ಟೆಲ್ ಪಕ್ಕದ ಅಂಗಡಿಯ ‘ರಾಗಿ ಬಿಸ್ಕತ್ತು’ ಪೊಟ್ಟಣವೊಂದನ್ನು ತಿರುಗಿಸಿ ಓದಿದೆ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ.

ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವಾಗಿ ಆಚರಿಸಿತು. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವುದು ಕರ್ನಾಟಕ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ ₹4,886, ಸಾಮಾನ್ಯ ಭತ್ತದ್ದು ₹2,369. ಬೆಲೆ ದುಪ್ಪಟ್ಟಿದ್ದರೂ ಅಪ್ಪನಿಗೇಕೆ ಅಡಿಕೆಯ ಆಸೆ?

ಕಾರಣ ಕೂಲಿ ಮತ್ತು ಕಾಯುವಿಕೆ. ಕೊಯ್ಲಿಗೆ ಆಳು ಸಿಗುವುದಿಲ್ಲ. ಯಂತ್ರ ಬಾಡಿಗೆಗೆ ಬರುತ್ತದೆ, ಆದರೆ ಮಳೆಗೆ ಮಲಗಿದ ಪೈರನ್ನು ಸರಿಯಾಗಿ ಕತ್ತರಿಸದು. ಅವರೆ, ತೊಗರಿಯ ಅಕ್ಕಡಿ ಸಾಲಿದ್ದರೆ ಹೊಲಕ್ಕೇ ಇಳಿಯದು. ಹುಲ್ಲು ಪುಡಿಯಾಗುತ್ತದೆ. ಹಸು ಕಟ್ಟಿದವರಿಗೆ ಹುಲ್ಲೆಂದರೆ ಅರ್ಧ ಬೆಳೆ. ಇನ್ನೂ ಎಷ್ಟೋ ಕಡೆ ಒಕ್ಕಣೆ ಟಾರು ರಸ್ತೆಯ ಮೇಲೆಯೇ ನಡೆಯುತ್ತದೆ, ಬೈಕ್ ಸವಾರರು ಜಾರಿ ಬೀಳುತ್ತಾರೆ. ಖರೀದಿ ಕೇಂದ್ರ ಶುರುವಾಗುವ ಹೊತ್ತಿಗೆ ಕೊಯ್ಲು ಮುಗಿದು ವಾರಗಳಾಗಿರುತ್ತವೆ. ಸಾಲ ತೀರಿಸಬೇಕಾದವರು ಅಷ್ಟರಲ್ಲಿ ದಲ್ಲಾಳಿ ಹೇಳಿದ ರೇಟಿಗೆ ಕೊಟ್ಟಿರುತ್ತಾರೆ.

ನನ್ನ ಪ್ರಕಾರ, ಮೇಳಕ್ಕೆ ಹಾಕುವ ದುಡ್ಡಿನಲ್ಲಿ ಒಂದಿಷ್ಟು ಪಂಚಾಯಿತಿಗೊಂದು ಸಿಮೆಂಟ್ ಕಣಕ್ಕೆ, ಖರೀದಿ ಬೇಗ ಶುರುಮಾಡುವುದಕ್ಕೆ ಹೋಗಬೇಕು. ಉಳಿದದ್ದು ನಮ್ಮಂಥವರ ಕೆಲಸ. ಪ್ರಾಜೆಕ್ಟ್ ಎಂದರೆ ಎಲ್ಲರೂ ಆ್ಯಪ್ ಮಾಡಲು ಹೊರಡುತ್ತೇವೆ. ನಾನು ಮಾತ್ರ ಅಕ್ಕಡಿ ಸಾಲು ಬಿಟ್ಟು ರಾಗಿಯನ್ನಷ್ಟೇ ಕೊಯ್ಯುವ ಸಣ್ಣ ಯಂತ್ರ ಎಂದು ಬರೆದುಕೊಟ್ಟಿದ್ದೇನೆ. ಫೋನಿನಲ್ಲಿ ಹೇಳಿದಾಗ ಅಪ್ಪ ನಕ್ಕು, ‘ಹುಲ್ಲು ಹಾಳಾಗದ ಹಂಗೆ ಮಾಡು’ ಎಂದರು. ಅಡಿಕೆ ಸಸಿಗೆ ಇನ್ನೂ ಮುಂಗಡ ಕೊಟ್ಟಿಲ್ಲವಂತೆ.