ಹಕ್ಕಿ ಯಾರ ಆಸ್ತಿ?

ಗುಡ್‌ವಿಲ್ ಅನ್ನೋದು ಮಾಲೀಕನ ಆಸ್ತಿ ಅಂತ ನಾವು ಕಾಮರ್ಸಿನವರು ಬಾಯಿಪಾಠ ಮಾಡುತ್ತೇವೆ. ಫುಟ್‌ಬಾಲ್ ಕ್ಲಬ್ಬಿನ ಲಾಂಛನಕ್ಕೆ ಈ ಪಾಠ ಒಗ್ಗುವುದಿಲ್ಲ ಎಂಬುದು ನನ್ನ ವಾದ.

ವೇಲ್ಸಿನ ಕಾರ್ಡಿಫ್ ಸಿಟಿಯನ್ನೇ ನೋಡಿ. ನೀಲಿ ಅಂಗಿ, ‘ನೀಲಿಹಕ್ಕಿಗಳು’ ಎಂಬ ಅಡ್ಡಹೆಸರು. 1911ರಲ್ಲಿ ಆ ಊರಲ್ಲಿ ಆಡಿದ ಮೇಟರ್‌ಲಿಂಕನ ನಾಟಕದಿಂದ ಬಂದದ್ದಂತೆ. ಅದರಲ್ಲಿ ನೀಲಿಹಕ್ಕಿ ಅಂದರೆ ಸುಖ. 1927ರಲ್ಲಿ ಆರ್ಸೆನಲ್ಲನ್ನು 1-0ಯಿಂದ ಸೋಲಿಸಿ ಎಫ್.ಎ. ಕಪ್ಪನ್ನು ಇಂಗ್ಲೆಂಡಿನಾಚೆ ಒಯ್ದ ಏಕೈಕ ತಂಡ ಇದು. ಮುಂದೆ ಹಕ್ಕಿ ಲಾಂಛನದಲ್ಲೂ ಬಂದು ಕೂತಿತು.

2012ರಲ್ಲಿ ಮಲೇಷ್ಯಾದ ಮಾಲೀಕ ವಿನ್ಸೆಂಟ್ ಟಾನ್ ಅಂಗಿಯನ್ನು ಕೆಂಪು ಮಾಡಿಸಿದರು. ಲಾಂಛನದ ನಡುವೆ ವೇಲ್ಸಿನ ಕೆಂಪು ಡ್ರ್ಯಾಗನ್ ಎದ್ದಿತು, ಹಕ್ಕಿ ಚಿಕ್ಕದಾಗಿ ಕೆಳಗಿಳಿಯಿತು. ಕೆಂಪು ಶುಭ, ಏಷ್ಯಾದ ಮಾರುಕಟ್ಟೆಗೂ ಒಳ್ಳೇದು ಎಂಬ ಲೆಕ್ಕ. ಸಾಲದ ಕ್ಲಬ್ಬಿಗೆ ದುಡ್ಡು ಸುರಿದವರು ಅವರೇ, ಸುಳ್ಳಲ್ಲ. 2013ರಲ್ಲಿ ಕೆಂಪಂಗಿಯಲ್ಲೇ ತಂಡ ಪ್ರೀಮಿಯರ್ ಲೀಗಿಗೂ ಏರಿತು. ಆದರೂ ಅಭಿಮಾನಿಗಳ ‘ನೀಲಿ ಬೇಕು’ ಎಂಬ ಕೂಗು ನಿಲ್ಲಲಿಲ್ಲ. ಸೋತಾಗ ಬೈಯೋದು ಸುಲಭ. ಗೆದ್ದಾಗಲೂ ಬೇಡ ಅಂದರಲ್ಲ, ಅದು ದೊಡ್ಡದು. 2015ರಲ್ಲಿ ನೀಲಿಯೂ ಮರಳಿತು, ಹಕ್ಕಿಯೂ ಮೇಲೆ ಬಂತು.

ನಾಳೆ ಕಂಪೆನಿ ಕುರ್ಚಿ ಏರುವ ಮಿತ್ರರೇ, ಷೇರು ಧಾರಾಳವಾಗಿ ಕೊಳ್ಳಿ. ಹಕ್ಕಿಯನ್ನು ಮಾತ್ರ ಅದನ್ನು ಸಾಕಿದವರನ್ನು ಕೇಳಿ ಮುಟ್ಟಿ.