ಬಿಸಿಲಿಗೆ ವಿರಾಮವಿದೆ, ಸೆಕೆಗೇಕಿಲ್ಲ?

ಕಲಬುರಗಿಯ 42 ಡಿಗ್ರಿ ಬಿಸಿಲಿನಲ್ಲಿ ನೆರಳಿಗಿಟ್ಟ ಮಣ್ಣಿನ ಹೂಜಿಯ ನೀರು ಗಂಟಲಿಗೆ ಹಿತವಾಗುವಷ್ಟು ತಣ್ಣಗಾಗುತ್ತದೆ. ಅದೇ ಹೂಜಿಯನ್ನು 34 ಡಿಗ್ರಿಯ ಮಂಗಳೂರಿಗೆ ತಂದಿಟ್ಟರೆ ನೀರು ಅಷ್ಟು ತಣ್ಣಗಾಗುವುದಿಲ್ಲ. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದೊಯ್ಯುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಬೇಗ ಆವಿಯಾಗುವುದಿಲ್ಲ.

ನಮ್ಮ ದೇಹವೂ ಒಂದು ಹೂಜಿಯೇ. ಹಲ್ಲಿ, ಹಾವುಗಳ ಮೈಬಿಸಿ ಹೊರಗಿನ ಬಿಸಿಯೊಂದಿಗೆ ಏರಿಳಿಯುತ್ತದೆ. ನಾಯಿ ನಾಲಿಗೆ ಚಾಚಿ ತೇಕುತ್ತದೆ, ಎಮ್ಮೆ ಕೆಸರಿಗಿಳಿಯುತ್ತದೆ. ಮನುಷ್ಯನ ದೇಹ ಮಾತ್ರ ಬೆವರನ್ನೇ ನೆಚ್ಚಿಕೊಂಡು 37 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ದೇಹದಿಂದ ಹೊರಹೋಗುತ್ತದೆ. ಆದರೆ ಹನಿಹನಿಯಾಗಿ ನೆಲಕ್ಕೆ ಬಿದ್ದ ಬೆವರು, ಅಂಗಿಯಿಂದ ಹಿಂಡಿ ತೆಗೆದ ಬೆವರು ತಂಪು ಕೊಡುವುದಿಲ್ಲ. ಅದರಿಂದ ದೇಹಕ್ಕೆ ನೀರು, ಉಪ್ಪಿನ ನಷ್ಟ ಮಾತ್ರ.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಗಾಳಿ ಪೂರ್ತಿ ತೇವದಿಂದ ತುಂಬಿದ್ದರೆ ಸುಮಾರು 31 ಡಿಗ್ರಿಯಲ್ಲೇ ಆರೋಗ್ಯವಂತ ಯುವಕರ ದೇಹವೂ ಬಿಸಿಯನ್ನು ಹೊರಹಾಕಲಾಗದೆ ಸೋತಿತು. ಅವರು ಮಾಡುತ್ತಿದ್ದುದು ಹಗುರವಾದ ಕೆಲಸ ಮಾತ್ರ. ಹಾಗಾದರೆ ವೃದ್ಧರ, ಎಳೆಮಕ್ಕಳ, ಸಕ್ಕರೆ ಕಾಯಿಲೆಯವರ, ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರ ಪಾಡೇನು? ತಲೆಯ ಮೇಲೆ ಸಿಮೆಂಟ್ ಹೊರುವವರ ಪಾಡೇನು?

ನನ್ನ ತಕರಾರು ಇರುವುದು ಇಲ್ಲಿಯೇ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಎಪ್ರಿಲ್–ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಅದು ಸರಿಯಾದ ಕ್ರಮ. ಸೌದಿ ಅರೇಬಿಯಾದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಯಲಿನ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಅಲ್ಲಿ ದುಡಿಯುವ ನಮ್ಮ ಹುಡುಗರಿಗೆ ಕಾನೂನು ಕೊಟ್ಟ ಈ ವಿರಾಮ, ಊರಿನಲ್ಲಿ ಅವರ ಮನೆ ಕಟ್ಟುವ ಗಾರೆ ಕೆಲಸದವನಿಗೆ ಸಿಗುತ್ತಿಲ್ಲ. ಕೆಂಪುಕಲ್ಲಿನ ಕೋರೆಯಲ್ಲೂ ಇಲ್ಲ, ಮದುವೆ ಹಾಲಿನ ಒಲೆಯ ಮುಂದೆಯೂ ಇಲ್ಲ. ಕೇಳಿದರೆ, "ಇಲ್ಲಿ ಬರೀ 34 ಡಿಗ್ರಿ, ಸ್ವಲ್ಪ ಸೆಕೆ ಅಷ್ಟೆ" ಎಂಬ ಉತ್ತರ. ಆ ಸೆಕೆ ಎಂಬ ಮಾತಿನಲ್ಲೇ ಅಪಾಯ ಅಡಗಿದೆ.

ಇನ್ನೊಂದು ಮಾತನ್ನು ಯುನಾನಿ ವೈದ್ಯನಾಗಿ ನಾನೇ ಹೇಳಬೇಕು. "ಹಕೀಮರೇ, ಮೈ ಉಷ್ಣವಾಗಿದೆ, ತಂಪಿಗೆ ಏನಾದರೂ ಕೊಡಿ" ಎಂದು ಬೇಸಗೆಯಲ್ಲಿ ಹಲವರು ಬರುತ್ತಾರೆ. ನಮ್ಮ ಶಾಸ್ತ್ರದಲ್ಲಿ ಮಿಝಾಜಿನ ಉಷ್ಣಕ್ಕೆ ಅದರದೇ ಅರ್ಥವಿದೆ, ಅದಕ್ಕೆ ಶರಬತ್ತುಗಳೂ ಇವೆ. ಆದರೆ ಹೀಟ್ ಸ್ಟ್ರೋಕ್ ಎಂಬುದು ಮಿಝಾಜಿನ ಮಾತಲ್ಲ. ಮೈಬಿಸಿ 40 ಡಿಗ್ರಿ ದಾಟಿ ಮಾತು ತೊದಲುವ, ಪ್ರಜ್ಞೆ ಮಸುಕಾಗುವ ಸ್ಥಿತಿ ಅದು. ಶರಬತ್ತಿನಿಂದ ಅದು ಇಳಿಯದು. ಜ್ವರದ ಮಾತ್ರೆಯಿಂದಲೂ ಇಳಿಯದು. ಏಕೆಂದರೆ ಜ್ವರದಲ್ಲಿ ಮೆದುಳೇ ಬಿಸಿಯ ಮಟ್ಟವನ್ನು ಏರಿಸಿರುತ್ತದೆ, ಇಲ್ಲಿ ದೇಹ ತಣಿಯಲಾರದೆ ಸೋತಿರುತ್ತದೆ.

ಅಂಥವರನ್ನು ಕೂಡಲೇ ನೆರಳಿಗೆ ತನ್ನಿ, 108ಕ್ಕೆ ಕರೆ ಮಾಡಿ. ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಕುತ್ತಿಗೆ, ಕಂಕುಳಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆಂಬುಲೆನ್ಸ್ ಬರುವವರೆಗೂ ತಣಿಸುವುದನ್ನು ನಿಲ್ಲಿಸಬೇಡಿ.

ಆ ಸ್ಥಿತಿಯೇ ಬಾರದಂತೆ ನೋಡಿಕೊಳ್ಳುವುದು ಕೆಲಸ ಮಾಡಿಸುವವರ ಕೈಯಲ್ಲಿದೆ. ಬೆಳಗ್ಗೆ ಬೇಗ ಕೆಲಸ ಆರಂಭಿಸಿ, 12ರಿಂದ 3ರವರೆಗೆ ನಿಲ್ಲಿಸಿ. ನೆರಳು, ಫ್ಯಾನು, ಕುಡಿಯುವ ನೀರು, ಉಪ್ಪು ಹಾಕಿದ ಮಜ್ಜಿಗೆ ಇರಲಿ. ಹೊಸಬನಿಗೆ ಮೊದಲ ದಿನವೇ ಪೂರ್ತಿ ಕೆಲಸ ಹೇರಬೇಡಿ, ಸೆಕೆಗೆ ದೇಹ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಬಿಡುವಿನ ಹೊತ್ತಿನ ಕೂಲಿಯನ್ನೂ ಕಡಿಯಬೇಡಿ. ಕೂಲಿ ಕಡಿದರೆ ಅವನು ವಿರಾಮವನ್ನೇ ಬೇಡವೆನ್ನುತ್ತಾನೆ.

ಕಟ್ಟಡದ ಕೆಲಸ ಮೂರು ಗಂಟೆ ತಡವಾದರೆ ನಷ್ಟವೇನಿಲ್ಲ. ಮೊಬೈಲಿನಲ್ಲಿ ಕಾಣುವ ಡಿಗ್ರಿಯನ್ನು ನೋಡಿ ಸಮಾಧಾನಪಡುವ ಬದಲು ಕೆಲಸದವನ ಅಂಗಿಯನ್ನು ನೋಡಿ. ಅದು ಒಣಗುತ್ತಿಲ್ಲವೆಂದರೆ ಅವನಿಗೆ ವಿರಾಮ ಬೇಕು.